ಬೇಗ ಏಳುವುದೂ ತಡವಾಗಿ ಏಳುವುದೂ: ವಂಶವಾಹಿಯ ಪಾತ್ರವೆಷ್ಟು?

ತಣಿಸಂದ್ರದ ಅನೇಕ ಮನೆಗಳಲ್ಲಿ ಒಂದೇ ಸೂರಿನಡಿ ಎರಡು ಬಗೆಯ ಜನರನ್ನು ನಾವು ಕಾಣುತ್ತೇವೆ. ಅಜ್ಜನವರು ನಸುಕಿನಲ್ಲೇ ಎದ್ದು, ಸ್ನಾನ ಮುಗಿಸಿ, ವಿಭೂತಿ ಧರಿಸಿ ಶಿವಪೂಜೆಗೆ ಕೂರುತ್ತಾರೆ. ಮೊಮ್ಮಗನಿಗೋ ರಾತ್ರಿ ಹನ್ನೊಂದರ ಮೇಲೆಯೇ ಓದು ತಲೆಗೆ ಹತ್ತುತ್ತದೆ. ಬೆಳಿಗ್ಗೆ ಎಷ್ಟು ಕೂಗಿದರೂ ಎಚ್ಚರವಾಗದು. ಅವನಿಗೆ ‘ಸೋಮಾರಿ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಈ ಹೆಸರು ನ್ಯಾಯವೇ?

ಈ ಪ್ರಶ್ನೆಗೆ ಬೆಳಕು ಚೆಲ್ಲುವ ಪ್ರಯೋಗವೊಂದು ನಮ್ಮ ನೆರೆಯ ಜಕ್ಕೂರಿನಲ್ಲೇ ನಡೆದಿದೆ. ಅಲ್ಲಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಅವರ ತಂಡವು ಹಣ್ಣಿನ ನೊಣಗಳನ್ನು ಸಾಕಿತು. ಬೆಳಗಿನ ಹೊತ್ತು ಕೋಶದಿಂದ ಹೊರಬಂದ ನೊಣಗಳಿಂದ ಒಂದು ಪಂಗಡವನ್ನು, ಸಂಜೆ ಹೊರಬಂದವುಗಳಿಂದ ಇನ್ನೊಂದು ಪಂಗಡವನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೆಳಗಿನ ಪಂಗಡದ ಒಳಗಡಿಯಾರವು ಬೇಗನೆ ಒಂದು ಸುತ್ತು ಮುಗಿಸುತ್ತಿತ್ತು. ಸಂಜೆಯ ಪಂಗಡದ್ದು ನಿಧಾನವಾಗಿತ್ತು. ನೊಣಗಳಿಗೆ ಯಾರೂ ಶಿಸ್ತು ಕಲಿಸಿರಲಿಲ್ಲ. ಹೊತ್ತಿನ ಒಲವು ವಂಶದಲ್ಲಿಯೇ ಹರಿದುಬಂದಿತ್ತು.

ನೊಣದಲ್ಲಿ ಈ ಗಡಿಯಾರವನ್ನು ನಡೆಸುವ ‘ಪೀರಿಯಡ್’ ಎಂಬ ವಂಶವಾಹಿಯನ್ನು 1971ರಲ್ಲಿಯೇ ಗುರುತಿಸಲಾಗಿತ್ತು. ಅದರ ಕಾರ್ಯವಿಧಾನವನ್ನು ಬಿಡಿಸಿದ ಮೂವರು ವಿಜ್ಞಾನಿಗಳು 2017ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಅದೇ ಬಗೆಯ ವಂಶವಾಹಿಗಳು ಮನುಷ್ಯರಲ್ಲೂ ಇವೆ. ಅವುಗಳಲ್ಲೊಂದರ ಸಣ್ಣ ಬದಲಾವಣೆಯಿಂದಾಗಿ ಸಂಜೆ ಏಳೂವರೆಗೆ ಮಲಗಿ ನಸುಕಿನ ನಾಲ್ಕೂವರೆಗೆ ಏಳುವ ಕುಟುಂಬವನ್ನು 2001ರಲ್ಲಿ ವೈದ್ಯವಿಜ್ಞಾನಿಗಳು ವರದಿ ಮಾಡಿದರು. ಆದರೆ ಸಾಮಾನ್ಯರಲ್ಲಿ ಇದು ಒಂದೇ ವಂಶವಾಹಿಯ ಕೆಲಸವಲ್ಲ. ಸುಮಾರು 7 ಲಕ್ಷ ಜನರನ್ನು ಒಳಗೊಂಡ 2019ರ ಅಧ್ಯಯನವು ಇದಕ್ಕೆ ಸಂಬಂಧಿಸಿದ 351 ಸ್ಥಾನಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ.

ವಯಸ್ಸಿನ ಪಾತ್ರವೂ ಇದೆ. ಹದಿಹರೆಯದಲ್ಲಿ ನಿದ್ರೆಯ ಹೊತ್ತು ಸಹಜವಾಗಿಯೇ ಹಿಂದೆ ಸರಿದು ತಡವಾಗುತ್ತದೆ. ಮುಪ್ಪಿನಲ್ಲಿ ಮತ್ತೆ ಮುಂಚೆಗೆ ಬರುತ್ತದೆ. ಅಜ್ಜನವರು ಸಹ ಹದಿನೇಳರಲ್ಲಿ ಮೊಮ್ಮಗನಂತೆಯೇ ಇದ್ದಿರಬಹುದು!

ಹಾಗೆಂದು ಎಲ್ಲವೂ ಹುಟ್ಟಿನಲ್ಲೇ ತೀರ್ಮಾನವಾಗಿದೆ ಎಂದಲ್ಲ. ಈ ಗಡಿಯಾರವನ್ನು ದಿನವೂ ಸರಿಪಡಿಸುವುದು ಬೆಳಕು. ಬೆಳಗಿನ ಬೆಳಕು ಅದನ್ನು ಮುಂಚೆಗೆ ತರುತ್ತದೆ. ರಾತ್ರಿಯ ಮೊಬೈಲಿನ ಬೆಳಕು ತಡಗೊಳಿಸುತ್ತದೆ. ರಜಾದಿನವೂ ಒಂದೇ ಹೊತ್ತಿಗೆ ಏಳುವುದು, ಎದ್ದೊಡನೆ ಅಂಗಳಕ್ಕೋ ಮಹಡಿಗೋ ಹೋಗಿ ಅರ್ಧ ಗಂಟೆ ಕಳೆಯುವುದು, ಸಂಜೆಯ ಮೇಲೆ ಕಾಫಿ ಬಿಡುವುದು, ಮಲಗುವ ಮುನ್ನ ಮೊಬೈಲನ್ನು ದೂರವಿಡುವುದು ಹಿತಕರ. ಇಷ್ಟು ಮಾಡಿದರೂ ಹಗಲೆಲ್ಲ ತೂಕಡಿಕೆ ಬಂದರೆ ವೈದ್ಯರನ್ನು ಕಾಣಬೇಕು.

ನಮ್ಮ ಬಡಾವಣೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆ ಸೇರುವವರೂ ಬಹಳ. ಅದೂ ಕಾಯಕವೇ, ಅವರ ಹಗಲಿನ ನಿದ್ರೆಯನ್ನು ಮನೆಯವರು ಕಾಪಾಡಬೇಕು. ಇನ್ನು ನಾಳೆ ಬೆಳಿಗ್ಗೆ ಮಗುವನ್ನು ಎಬ್ಬಿಸುವಾಗ, ಗದರುವ ಮೊದಲು ಕಿಟಕಿಯನ್ನು ತೆರೆಯೋಣ. ಒಳಗಿನ ಗಡಿಯಾರಕ್ಕೆ ಬೈಗುಳ ಕೇಳಿಸದು, ಬೆಳಕು ಕಾಣಿಸುತ್ತದೆ.