ಮಾಗಿದ ಎಲೆಯ ಮರ್ಮ

‘ಮದೂರೊ’ ಎಂಬುದು ಸ್ಪ್ಯಾನಿಷ್ ಭಾಷೆಯ ಮಾತು. ಮಾಗಿದ್ದು, ಹಣ್ಣಾದದ್ದು ಎಂದು ಅದರ ಅರ್ಥ. ಬಾಳೆಹಣ್ಣಿಗೂ ಅದೇ ಮಾತು, ಬುದ್ಧಿ ಬಲಿತ ಮನುಷ್ಯನಿಗೂ ಅದೇ ಮಾತು. ಚುರುಟಿನ ಲೋಕದಲ್ಲಿ ಮಾತ್ರ ಈ ಹೆಸರು, ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದ ಹೊರಎಲೆಯನ್ನು ಹೊದ್ದ ಒಂದು ಜಾತಿಗೆ ಸಲ್ಲುತ್ತದೆ. ಮಧ್ಯ ಅಮೆರಿಕದ ನಿಕರಾಗುವ ಎಂಬ ಚಿಕ್ಕ ದೇಶದಲ್ಲಿ ತಯಾರಾಗುವ ಮದೂರೊ ಚುರುಟುಗಳಿಗೆ ಇಂದು ಜಗತ್ತಿನ ರಸಿಕರಲ್ಲಿ ಬಹಳ ಮನ್ನಣೆಯಿದೆ. ಅವುಗಳಲ್ಲಿ ಉತ್ತಮವಾದ ಒಂದರ ಬೆಲೆಯಲ್ಲಿ ನಮ್ಮ ಕಡೆಯ ಸಂಸಾರವೊಂದರ ವಾರದ ದಿನಸಿ ಬಂದೀತು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಹೊಗೆಸೊಪ್ಪಿನ ಪ್ರಸ್ತಾಪವೇಕೆ ಎಂದು ಕೆಲವರು ಹುಬ್ಬುಗಂಟಿಕ್ಕಬಹುದು. ಆದರೆ ತಾಂಬೂಲದ ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆಗಳ ಮಗ್ಗುಲಲ್ಲೇ ಹೊಗೆಸೊಪ್ಪಿನ ಚೂರನ್ನೂ ಇಟ್ಟು ಅತಿಥಿಗಳ ಮುಂದೆ ಸರಿಸಿದ ಮನೆಗಳು ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಎಷ್ಟಿಲ್ಲ? ಎಲೆಯನ್ನು ಮುಟ್ಟಿ, ಮೂಸಿ, ನಾಲಗೆಯ ತುದಿಯಲ್ಲಿಟ್ಟು ಅದರ ಜಾತಿ ಹೇಳುತ್ತಿದ್ದ ಹಿರಿಯರನ್ನು ನಾವು ಕಂಡಿದ್ದೇವೆ. ಅವರ ವಿದ್ಯೆ ಎಂಥದ್ದಾಗಿತ್ತು, ಅದಕ್ಕೆ ಅವರು ತೆತ್ತ ಬೆಲೆ ಏನು ಎಂಬುದನ್ನು ತಿಳಿಯಲು ದೂರದೇಶದ ಈ ಕಪ್ಪು ಚುರುಟು ಒಳ್ಳೆಯ ನಿಮಿತ್ತ.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನವರು ‘ಷೆರೂಟ್’ ಎನ್ನುವ ಶಬ್ದ ಅವರದಲ್ಲ, ತಮಿಳಿನ ‘ಸುರುಟ್ಟು’. ನಮ್ಮ ಸುರುಟು, ಸುರುಳಿಗಳು ಅದರ ಒಡಹುಟ್ಟುಗಳು. ತೆಲುಗಿನ ‘ಚುಟ್ಟ’ವೂ ಹಾಗೆಯೇ, ಅವರಲ್ಲಿ ‘ಚುಟ್ಟು’ ಎಂದರೆ ನಮ್ಮಲ್ಲಿ ‘ಸುತ್ತು’. ಎರಡು ನುಡಿಗಳ ನಡುವೆ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆಗೆ ಸರಿಯಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಎಷ್ಟು ಸಲ ಸರಿದರೂ ಈಚೆಯವರ ಪೊಗಾಕು ಆಚೆಯವರ ಹೊಗೆಸೊಪ್ಪೇ ಆಗಿ ಉಳಿದಿದೆ.

ಗಿಡವೇನೋ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂದದ್ದು. ಆದರೆ ಅದನ್ನು ಅಕ್ಬರ್ ಬಾದಷಹನ ಮುಂದಿಟ್ಟವರಿಗೆ ಅದು ದೊರೆತದ್ದು ಕನ್ನಡ ನೆಲದಲ್ಲಿ! ವಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಹೋಗಿದ್ದ ಮೊಗಲ ರಾಯಭಾರಿ ಅಸದ್ ಬೇಗ್, 1604ರ ಸುಮಾರಿಗೆ ಅಲ್ಲಿಂದ ಹೊಗೆಸೊಪ್ಪನ್ನೂ ರತ್ನಗಳನ್ನು ಕೂರಿಸಿದ ಹುಕ್ಕಾವನ್ನೂ ತಂದು ಒಪ್ಪಿಸಿದ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಬಾದಷಹ ಒಂದೆರಡು ದಮ್ಮು ಎಳೆಯುವಷ್ಟರಲ್ಲಿ ಆಸ್ಥಾನವೈದ್ಯ ಅಡ್ಡ ಬಂದನಂತೆ. ಎಲೆಯ ಸೊಗಸನ್ನು ಹೊಗಳುವವರೂ ಅದರ ಕೇಡನ್ನು ಕಂಡು ತಡೆಯುವವರೂ ಅಂದಿನಿಂದ ಇಂದಿನವರೆಗೆ ಒಂದೇ ಕೋಣೆಯಲ್ಲಿದ್ದಾರೆ.

ನಿಕರಾಗುವಕ್ಕೆ ಈ ಕೀರ್ತಿ ಬಂದದ್ದು ಮತ್ತೊಂದು ದೇಶದ ಸಂಕಟದಿಂದ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಯಿತು; ಹೊಗೆಸೊಪ್ಪಿನ ತೋಟಗಳೂ ಕಾರ್ಖಾನೆಗಳೂ ಸರ್ಕಾರದ ವಶವಾದವು; 1962ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಆ ದೇಶದೊಡನೆ ವ್ಯಾಪಾರವನ್ನು ನಿಲ್ಲಿಸಿತು. ಊರು ಬಿಟ್ಟ ಬೆಳೆಗಾರರು ಬೀಜವನ್ನೂ ಕೈಚಳಕವನ್ನೂ ಕಟ್ಟಿಕೊಂಡು ಹೊರಟರು. ಅವರಲ್ಲಿ ಕೆಲವರಿಗೆ ನಿಕರಾಗುವದ ಉತ್ತರ ಭಾಗದ ಎಸ್ತೆಲಿ, ಕೊಂಡೇಗ, ಹಲಾಪ ಎಂಬ ಕಣಿವೆಗಳ ಮಣ್ಣು ಹಿಡಿಸಿತು. ಎಸ್ತೆಲಿಯದು ಕಪ್ಪು ಎರೆಭೂಮಿ. ಅಲ್ಲಿಯ ಎಲೆ ಖಾರ, ಗಡುಸು. ಹಲಾಪದ ಎಲೆ ಸೌಮ್ಯ, ತುಸು ಸಿಹಿ. ದೊಡ್ಡ ಸರೋವರದ ನಡುವೆ ಜ್ವಾಲಾಮುಖಿಗಳು ಎದ್ದು ನಿಂತಿರುವ ಒಮೆತೆಪೆ ದ್ವೀಪದಲ್ಲೂ ಈ ಬೆಳೆ ಇದೆ. ಎಸ್ತೆಲಿಯ ಮೊದಲ ದೊಡ್ಡ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಕ್ಯೂಬಾದಿಂದ ಬಂದು ಮಯಾಮಿಯಲ್ಲಿ 1964ರಲ್ಲಿ ಸಣ್ಣದಾಗಿ ಚುರುಟು ಕಟ್ಟಿಸಲಾರಂಭಿಸಿದ್ದ ಹೊಸೆ ಒರ್ಲಾಂದೊ ಪದ್ರೋನ್ 1970ರಲ್ಲಿ ನಿಕರಾಗುವಕ್ಕೆ ಬಂದರು. ಅಲ್ಲಿಯೂ ನೆಮ್ಮದಿಯಿರಲಿಲ್ಲ. 1978-79ರ ಅಂತರ್ಯುದ್ಧದಲ್ಲಿ ಎಸ್ತೆಲಿ ನಗರ ಬೆಂದಿತು, ಅವರ ಕಾರ್ಖಾನೆಗೂ ಬೆಂಕಿ ಬಿತ್ತು. 1985ರಲ್ಲಿ ಅಮೆರಿಕ ಈ ದೇಶದ ವ್ಯಾಪಾರವನ್ನೂ ತಡೆದು, 1990ರಲ್ಲಿ ಬಿಟ್ಟಿತು. ಅನಂತರ 1994ರಲ್ಲಿ ಆ ಮನೆತನ ಹೊರತಂದ ‘1964’ ಎಂಬ ಚೌಕನೆಯ ಚುರುಟು, ಅದರಲ್ಲಿಯೂ ಅದರ ಮದೂರೊ, ನಿಕರಾಗುವದ ಹೆಸರನ್ನು ಕ್ಯೂಬಾದ ಸರಿಸಮಕ್ಕೆ ತಂದಿತು ಎನ್ನುವವರಿದ್ದಾರೆ.

ಇನ್ನು ಮಾಗುವ ಬಗೆ. ಗಿಡದ ಕೆಳಗಿನ ಎಲೆ ತೆಳು, ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದರಲ್ಲಿ ಪರಿಮಳ. ತುದಿಯ ಎಲೆ ಬಿಸಿಲನ್ನೆಲ್ಲ ಕುಡಿದು ದಪ್ಪವಾಗಿ, ಜಿಡ್ಡುಗಟ್ಟಿ, ಖಾರವಾಗಿರುತ್ತದೆ. ಅದನ್ನು ‘ಲಿಹೇರೊ’ ಎಂದು ಕರೆಯುತ್ತಾರೆ. ಕೊಯ್ದ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ಗಳುಗಳಿಗೆ ತೂಗುಹಾಕಿ ವಾರಗಟ್ಟಲೆ ಒಣಗಿಸಿ, ಆಮೇಲೆ ತುಸು ತೇವ ಕೊಟ್ಟು ಮನುಷ್ಯನೆತ್ತರದ ಮೆದೆಯಾಗಿ ಒಟ್ಟುತ್ತಾರೆ. ಅದೇ ‘ಪಿಲೋನ್’. ನೆನೆದ ಹುಲ್ಲಿನ ಬಣವೆಯ ಒಳಗೆ ಕೈಯಿಟ್ಟು ಬೆಚ್ಚಿದ ರೈತನಿಗೆ ಮುಂದಿನದು ಗೊತ್ತು. ಮೆದೆಯ ಗರ್ಭದಲ್ಲಿ ಕಾವೇರುತ್ತದೆ. 45, 50 ಡಿಗ್ರಿ ಮುಟ್ಟುತ್ತಲೇ ಮೆದೆಯನ್ನು ಬಿಚ್ಚಿ, ಒಳಗಿನದು ಹೊರಗೆ ಹೊರಗಿನದು ಒಳಗೆ ಬರುವಂತೆ ಮತ್ತೆ ಒಟ್ಟಬೇಕು. ಕಣ್ಣು ಮೂಗು ಉರಿಸುವ ಅಮೋನಿಯಾ ಹೊರಬೀಳುತ್ತದೆ, ಎಲೆಯ ಒರಟುತನ ಕಳೆಯುತ್ತದೆ. ಸಾಮಾನ್ಯ ಎಲೆಗೆ ಇಷ್ಟು ಸಾಕು. ಮದೂರೊ ಆಗಬೇಕಾದ ಎಲೆಗೆ ಇನ್ನೂ ಹೆಚ್ಚು ಕಾವು, ಇನ್ನೂ ಹೆಚ್ಚು ತಿಂಗಳು. ತೆಳ್ಳನೆಯ ಎಲೆ ಇದನ್ನು ತಾಳಲಾರದೆ ಹರಿದುಹೋಗುತ್ತದೆ. ಆದ್ದರಿಂದಲೇ ನಿಕರಾಗುವದ ಎಷ್ಟೋ ಮದೂರೊಗಳ ಹೊರಎಲೆ ಮೆಕ್ಸಿಕೋದ ಸಾನ್ ಆಂದ್ರೇಸ್ ಕಣಿವೆಯದೋ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಅಗಲೆಲೆಯೋ ಆಗಿರುವುದುಂಟು. ಒಳಗಿನ ಹೂರಣ ಮಾತ್ರ ನಿಕರಾಗುವದ್ದು.

ಎಸ್ತೆಲಿಯ ಕಾರ್ಖಾನೆಗಳಲ್ಲಿ ಕೆಲಸಗಾರರು ಜೋಡಿಜೋಡಿಯಾಗಿ ಕೂರುತ್ತಾರೆ. ಒಬ್ಬರು ಹೂರಣವನ್ನು ಕೂಡಿಸಿ ಕಟ್ಟೆಲೆಯಲ್ಲಿ ಬಿಗಿದರೆ, ಮತ್ತೊಬ್ಬರು, ಬಹುಮಟ್ಟಿಗೆ ಹೆಂಗಸರು, ಹೊರಎಲೆಯನ್ನು ಸುತ್ತಿ ತಲೆಗೆ ಟೋಪಿ ಅಂಟಿಸುತ್ತಾರೆ. ಬೀಡಿ ಕಟ್ಟುವ ನಮ್ಮ ಹೆಣ್ಣುಮಕ್ಕಳ ಬೆರಳುಗಳ ವೇಗವನ್ನು ಕಂಡವರಿಗೆ ಆ ದೃಶ್ಯ ಅಪರಿಚಿತವೆನಿಸದು. ರಸಿಕರ ಬರಹಗಳಲ್ಲಿ ಈ ಬೆರಳುಗಳ ಕೂಲಿಯ ಮಾತು ಅಪರೂಪವಾಗಿಯೇ ಬರುತ್ತದೆ.

ಕಪ್ಪು ಬಣ್ಣ ಕಾಲದಿಂದ ಬರುವುದು ಹೇಗೆಂದು ನಮ್ಮ ಸೀಮೆಯವರಿಗೆ ತಿಳಿಸಬೇಕೆ? ಹೊಸ ಹುಣಸೆಹಣ್ಣು ಕೆಂಚಗಿರುತ್ತದೆ; ಉಪ್ಪು ಬೆರೆಸಿ ಮಡಕೆಯಲ್ಲಿ ತುಂಬಿಟ್ಟರೆ ವರ್ಷದೊಳಗೆ ಕಪ್ಪಾಗಿ, ಹುಳಿಯ ಮೊನೆ ಮುರಿದು, ಒಂದು ಗಂಭೀರವಾದ ಸಿಹಿ ಇಣುಕುತ್ತದೆ. ಸಕ್ಕರೆಯ ಅಂಶಗಳೂ ಅಮೈನೊ ಆಮ್ಲಗಳೂ ನಿಧಾನವಾಗಿ ಕೂಡಿ ಕಪ್ಪಾಗುವ ಕ್ರಿಯೆ ಇಲ್ಲಿಯೂ ಉಂಟು, ಅಲ್ಲಿಯೂ ಉಂಟು. ಪರದೇಶದಿಂದ ಬಂದ ಬಂಧುವೊಬ್ಬರು ತಂದಿದ್ದ ಮದೂರೊ ಚುರುಟೊಂದನ್ನು, ಹೊತ್ತಿಸದೆಯೇ, ಮಡಕಶಿರಾದ ನಮ್ಮ ಸೋದರತ್ತೆಯ ಕೈಗೆ ಕೊಟ್ಟೆ. ಆಕೆ ಮೂಗಿನ ಹತ್ತಿರ ಹಿಡಿದು, “ಇದೇನಪ್ಪಾ, ಹಳೇ ಹುಣಸೇಹಣ್ಣಿನ ಮಡಿಕೆ ಬಾಯಿ ಬಿಚ್ದಂಗೈತೆ! ಒಸಿ ಬೆಲ್ಲದ ವಾಸ್ನೇನೂ ಐತೆ” ಎಂದರು. ರಸಿಕರ ಪತ್ರಿಕೆಗಳು ಒಣದ್ರಾಕ್ಷಿ, ಕೋಕೋ, ಚರ್ಮ, ಹಸಿಮಣ್ಣು ಎಂದೆಲ್ಲ ಪುಟಗಟ್ಟಲೆ ಬರೆಯುತ್ತವೆ. ಅತ್ತೆಯ ವರದಿ ಅವುಗಳಿಗಿಂತ ನಿಖರವೆಂದು ನನ್ನ ಅಭಿಪ್ರಾಯ.

ಇಂಥ ಚುರುಟಿಗೆ ನಮ್ಮ ಹವೆ ಶತ್ರು. ವರ್ಷಕ್ಕೆ 550 ಮಿಲಿಮೀಟರಿನಷ್ಟು ಮಳೆ ಕಾಣುವ ಅನಂತಪುರದ ಒಣಗಾಳಿಯಲ್ಲಿ ಅದು ಕೆಲವೇ ದಿನಗಳಲ್ಲಿ ಹಪ್ಪಳದಂತಾಗಿ ಸಿಡಿಯುತ್ತದೆ. ಗಾಳಿಯಲ್ಲಿ ನೂರಕ್ಕೆ 65ರಿಂದ 70ರಷ್ಟು ತೇವವಿರುವಂತೆ ಮರದ ಪೆಟ್ಟಿಗೆಯಲ್ಲಿ ಕಾಪಾಡಬೇಕು. ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವ ಉಪಾಯ ಇಲ್ಲಿ ಸಲ್ಲದು, ಬೂಷ್ಟು ಹಿಡಿಯುತ್ತದೆ. ಸೆಕೆ ಹೆಚ್ಚಾದರೆ ಹುಳು ಹೊಡೆಯುತ್ತದೆ. ಅರಿಶಿನದ ಕೊಂಬು, ಕೊತ್ತಂಬರಿಬೀಜಗಳನ್ನು ಕೊರೆಯುವ ಪುಟ್ಟ ಕಂದು ಹುಳುವೇ ಅದು.

ಸವಿಯುವ ಕ್ರಮದಲ್ಲಿ ಕಣ್ಣಿನದು ಮೊದಲ ಸರದಿ. ನಿಜವಾಗಿ ಮಾಗಿದ ಎಲೆಯ ಬಣ್ಣ ಒಂದೇ ಸಮನಾಗಿರದು. ನರಗಳ ಬಳಿ ಒಂದು ಛಾಯೆ, ಅಂಚಿನಲ್ಲಿ ಇನ್ನೊಂದು, ಮೇಲೆ ತೆಳುವಾದ ಎಣ್ಣೆಯ ಹೊಳಪು. ಮಸಿ ಬಳಿದಂತೆ ಎಲ್ಲೆಲ್ಲೂ ಕಪ್ಪಾಗಿದ್ದು, ಒದ್ದೆ ಬೆರಳಿಗೆ ಬಣ್ಣ ಹತ್ತಿದರೆ ಸಂಶಯಪಡಬೇಕು. ಚೊಗರು ಕುಡಿದು ಕೆಂಪಾದ ಅಡಿಕೆಯನ್ನೂ ಬಣ್ಣ ಹಾಕಿದ ಅಡಿಕೆಯನ್ನೂ ಬೇರ್ಪಡಿಸಬಲ್ಲ ಕಣ್ಣಿಗೆ ಇದು ಕಷ್ಟವಲ್ಲ. ಅನಂತರ ಬೆರಳುಗಳ ಸರದಿ: ಮೆಲ್ಲಗೆ ಒತ್ತಿದರೆ ಗಂಟಾಗಲಿ ಪೊಳ್ಳಾಗಲಿ ಸಿಗಬಾರದು. ಟೋಪಿಯನ್ನು ಮಾತ್ರ ಕತ್ತರಿಸಿ, ಹೊತ್ತಿಸುವ ಮುನ್ನ ಬರಿದೇ ಒಮ್ಮೆ ಎಳೆದು ನೋಡುವುದುಂಟು. ಎಲೆಯ ತಣ್ಣನೆಯ ರುಚಿ ಆಗಲೇ ನಾಲಗೆಗೆ ತಿಳಿಯುತ್ತದೆ. ಬೆಂಕಿಯನ್ನು ತಾಗಿಸದೆ, ರೊಟ್ಟಿ ಕಾಯಿಸುವಂತೆ ದೂರದಿಂದ ಸುತ್ತಲೂ ಕಾಯಿಸಬೇಕು. ಹೊಗೆಯನ್ನು ಎದೆಗೆ ಇಳಿಸುವಂತಿಲ್ಲ. ಬಾಯಲ್ಲಿ ಆಡಿಸಿ ಬಿಡಬೇಕು, ಅದರಲ್ಲಿ ತುಸುವನ್ನು ಮೂಗಿನಿಂದ. ನಿಮಿಷಕ್ಕೊಂದು ದಮ್ಮು ಸಾಕು. ಆತುರಪಟ್ಟರೆ ಕಾವೇರಿ ಕಹಿಯಾಗುತ್ತದೆ.

ಬಲ್ಲವರು ಚುರುಟನ್ನು ಮೂರು ಪಾಲಾಗಿ ಎಣಿಸುತ್ತಾರೆ. ಮೊದಲ ಪಾಲಿನಲ್ಲಿ ಕರಿಮೆಣಸಿನ ಚುರುಕು. ಎಸ್ತೆಲಿಯ ಮಣ್ಣು ಮಾತಾಡುವುದು ಅಲ್ಲಿ. ನಡುವಿನದರಲ್ಲಿ ಮೆಣಸು ಹಿಂದೆ ಸರಿದು ಹಾಲಿಲ್ಲದ ಕಾಫಿಯ, ಕೋಕೋದ, ಬೆಲ್ಲದ ಪಾಕದ ನೆನಪು. ಮದೂರೊ ತನ್ನ ಹೆಸರನ್ನು ಸಾರ್ಥಕಪಡಿಸಿಕೊಳ್ಳುವುದು ಇಲ್ಲಿಯೇ. ಕಡೆಯ ಪಾಲು ಎಲ್ಲರಿಗೂ ಅಲ್ಲ. ಲಿಹೇರೊ ಎಲೆಯ ಬಿರುಸು ಮೇಲೇರಿ, ಹೊಟ್ಟೆ ಬರಿದಾಗಿದ್ದರೆ ತಲೆ ತಿರುಗಿ ಬೆವರು ಒಡೆಯುತ್ತದೆ. ಹೊಸದಾಗಿ ಹೊಗೆಸೊಪ್ಪು ಹಾಕಿಕೊಂಡ ಹುಡುಗ ಜಗುಲಿಯ ಕಂಬ ಹಿಡಿದು ಕೂರುವುದೂ ಇದೇ ವಿಷದಿಂದ. ನಿಕೋಟಿನ್ ಬಾಯಿಯ ತೆಳುಚರ್ಮದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಹೊಗೆಯನ್ನು ನುಂಗದಿದ್ದರೆ ಅಪಾಯವಿಲ್ಲವೆಂಬ ರಸಿಕರ ಸಮಾಧಾನ ಇಲ್ಲಿಗೆ ಬಿದ್ದುಹೋಗುತ್ತದೆ. ದೊಡ್ಡ ಚುರುಟೊಂದರಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಚುರುಟನ್ನು ಕುರಿತೇ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆ ನುಂಗದವರಲ್ಲೂ ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರ್ ಹೆಚ್ಚೆಂಬುದನ್ನು ಸ್ಪಷ್ಟಪಡಿಸಿತು.

ನಮ್ಮ ರಾಜ್ಯದ ಸಾಕ್ಷ್ಯ ಅದಕ್ಕಿಂತ ಹಳೆಯದು. ಶ್ರೀಕಾಕುಳಂ ಕಡೆಯ ಹೆಂಗಸರಲ್ಲಿ ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ‘ಅಡ್ಡಪೊಗ’ ರೂಢಿಯಿತ್ತು. ಅಲ್ಲಿಯ 10,169 ಹಳ್ಳಿಗರ ಬಾಯಿಗಳನ್ನು ಪರೀಕ್ಷಿಸಿ ಅಂಗುಳಿನ ಮೇಲೆ ಅದು ಮಾಡುವ ಹಾನಿಯನ್ನು ವೈದ್ಯರು 1971ರಲ್ಲಿಯೇ ಪ್ರಕಟಿಸಿದರು. ತಾಂಬೂಲದವರೂ ತಪ್ಪಿಸಿಕೊಳ್ಳುವಂತಿಲ್ಲ. ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಅಮರಾಪುರದ ಕಡೆ ಬತ್ತುವ ಕೊಳವೆಬಾವಿಗಳನ್ನು ನಂಬಿ ಅಡಿಕೆ ತೋಟ ಎಬ್ಬಿಸಿದವರಿಗೆ ಇದು ಕಹಿಯಾದ ಮಾತು. ಅವರ ಕಷ್ಟವನ್ನು ಬಲ್ಲೆನಾದರೂ ಮಾತನ್ನು ಮುಚ್ಚಿಡಲು ಮನಸ್ಸು ಬಾರದು.

ವರ್ಷಗಟ್ಟಲೆ ಹೊಗೆಸೊಪ್ಪು, ಅಡಿಕೆ, ಬೀಡಿ, ಚುಟ್ಟಗಳ ಅಭ್ಯಾಸವಿರುವ ಹಿರಿಯರು ಮನೆಯಲ್ಲಿದ್ದರೆ, ತಿಂಗಳಿಗೊಮ್ಮೆ ಹಗಲ ಬೆಳಕಿನಲ್ಲಿ ಕನ್ನಡಿ ಹಿಡಿದು ಅವರ ಕೆನ್ನೆಯ ಒಳಭಾಗ, ನಾಲಗೆಯ ಅಂಚು, ಅಂಗುಳುಗಳನ್ನು ನೋಡಬೇಕು. ಒರಸಿದರೂ ಹೋಗದ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೊದಲಿನಷ್ಟು ಅಗಲವಾಗಿ ಬಾಯಿ ತೆರೆಯಲಾಗದಿರುವುದು, ಸಾರಿನ ಖಾರವನ್ನೂ ತಾಳದ ಉರಿ, ಇವುಗಳಲ್ಲಿ ಯಾವುದು ಕಂಡರೂ ಬಳ್ಳಾರಿಗೋ ಅನಂತಪುರಕ್ಕೋ ಬೆಂಗಳೂರಿಗೋ, ಹತ್ತಿರವಾದ ಕಡೆಗೆ, ಆ ವಾರವೇ ಕರೆದೊಯ್ದು ದಂತವೈದ್ಯರಿಗೆ ತೋರಿಸಬೇಕು.