ಪಟ್ಟಿಯಲ್ಲಿತ್ತು ಹೆಸರು, ನಂಬುವವರಿರಲಿಲ್ಲ

ಬೆಲ್ಜಿಯಂನ ಕಲಾ ಇತಿಹಾಸಕಾರ್ತಿ ಕಾಟ್ಲೈನ್ ವಾನ್ ಡೆರ್ ಸ್ಟಿಘೆಲೆನ್ 1993ರಲ್ಲಿ ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂಗೆ ಹೋಗಿದ್ದು ಬೇರೆ ಕೆಲಸಕ್ಕೆ. ಅಲ್ಲಿನ ಉಗ್ರಾಣದಲ್ಲಿ ಒಂದು ಭಾರೀ ಕ್ಯಾನ್ವಾಸ್ ಅವರ ಕಾಲು ಕಟ್ಟಿಹಾಕಿತು. ಸುಮಾರು 9 ಅಡಿ ಎತ್ತರ, ಹನ್ನೊಂದೂವರೆ ಅಡಿ ಅಗಲ. ಮದ್ಯದ ದೇವತೆ ಬ್ಯಾಕಸ್ ಕುಡಿದು ಮೈಮರೆತು, ಬೊಜ್ಜಿನ ಮೈಯನ್ನು ತಳ್ಳುಗಾಡಿಯ ಮೇಲೆ ಚೆಲ್ಲಿ ಮಲಗಿದ್ದಾನೆ. ಸುತ್ತ ಅರೆಬೆತ್ತಲೆ ಗಂಡಸರ ಗದ್ದಲದ ಮೆರವಣಿಗೆ. ಬರೆದದ್ದು ಒಬ್ಬ ಹೆಂಗಸು ಎಂದು ತಿಳಿದಾಗ ಅವರಿಗಾದ ಬೆರಗೇ ಮುಂದಿನ ಹಲವು ವರ್ಷಗಳ ಹುಡುಕಾಟಕ್ಕೆ ಬೀಜವಾಯಿತು.

ಆ ಕಲಾವಿದೆ ಮಿಕೇಲಿನಾ ವೋಟಿಯೆ. ಈಗಿನ ಬೆಲ್ಜಿಯಂನ ಮೋನ್ಸ್ ಊರಿನವಳು. ಚಿತ್ರಕಾರನೇ ಆಗಿದ್ದ ಅಣ್ಣತಮ್ಮಂದಿರಲ್ಲೊಬ್ಬ ಚಾರ್ಲ್ಸ್ ಜೊತೆ ಬ್ರಸೆಲ್ಸ್‌ನಲ್ಲಿ ನೆಲೆಸಿದಳು, ಮದುವೆಯಾಗಲಿಲ್ಲ, 1689ರಲ್ಲಿ ಅಲ್ಲಿಯೇ ತೀರಿಕೊಂಡಳು. ಬದುಕಿನ ಕುರಿತು ಉಳಿದಿರುವ ಕಾಗದಪತ್ರ ಬಹಳ ಕಡಿಮೆ. ಆದರೆ ಬ್ಯಾಕಸ್ ಚಿತ್ರದ ವಿಷಯದಲ್ಲಿ ದಾಖಲೆಯ ಕೊರತೆ ಎಂದೂ ಇರಲಿಲ್ಲ. ಸ್ಪ್ಯಾನಿಷ್ ನೆದರ್‌ಲ್ಯಾಂಡ್ಸ್‌ನ ರಾಜ್ಯಪಾಲನಾಗಿದ್ದ ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್ಹೆಲ್ಮ್ ಅವಳ ನಾಲ್ಕು ಚಿತ್ರಗಳ ಒಡೆಯನಾಗಿದ್ದ. ವಿಯೆನ್ನಾದಲ್ಲಿ 1659ರಲ್ಲಿ ಸಿದ್ಧವಾದ ಅವನ ಸಂಗ್ರಹದ ಪಟ್ಟಿಯಲ್ಲಿ ಆ ನಾಲ್ಕೂ ಅವಳ ಹೆಸರಿನಲ್ಲೇ ಇವೆ. ಹಾಗಿದ್ದೂ ಬ್ಯಾಕಸ್ ಚಿತ್ರವನ್ನು ನಂತರದ ವಿದ್ವಾಂಸರು ಗಂಡಸರ ಖಾತೆಗೆ ಬರೆಯುತ್ತ ಹೋದರು. ಇದನ್ನು ಮರೆವು ಎಂದು ಕರೆಯಲು ನನಗೆ ಮನಸ್ಸು ಬಾರದು. ಬರೆದಿಟ್ಟ ಹೆಸರನ್ನು ಓದಿಯೂ ನಂಬದಿರುವುದಕ್ಕೆ ಮರೆವೆನ್ನಲಾದೀತೇ?

ನಂಬದಿರಲು ಅವರಿಗೊಂದು ತರ್ಕವಿತ್ತು. ಆ ಕಾಲದಲ್ಲಿ ರೂಪದರ್ಶಿಯನ್ನು ಬೆತ್ತಲೆ ನಿಲ್ಲಿಸಿ ಅಭ್ಯಾಸ ಮಾಡುವ ಅವಕಾಶ ಹೆಣ್ಣುಮಕ್ಕಳಿಗೆ ಇರಲಿಲ್ಲ. ಹೂವು, ಹಣ್ಣು, ಭಾವಚಿತ್ರ ಬರೆಯಬಹುದು. ಪುರಾಣದ ದೊಡ್ಡ ದೃಶ್ಯಗಳು ಗಂಡಸರ ಪಾಲು. ವೋಟಿಯೆ ಈ ಗೆರೆಯನ್ನು ದಾಟಿದ್ದಷ್ಟೇ ಅಲ್ಲ, ದಾಟಿದ್ದನ್ನು ಚಿತ್ರದೊಳಗೇ ಹೇಳಿದ್ದಾಳೆ. ಬಲ ಅಂಚಿನಲ್ಲಿ ಗುಲಾಬಿ ಬಟ್ಟೆಯ, ಒಂದು ಎದೆ ತೆರೆದ ಹೆಣ್ಣೊಬ್ಬಳು ನಿಂತಿದ್ದಾಳೆ. ಅದು ಕಲಾವಿದೆಯೇ ಎಂಬುದು ವಿದ್ವಾಂಸರ ಅಭಿಮತ. ಅಮಲಿನ ಗುಂಪಿನ ನಡುವೆ ಅವಳು ಮಾತ್ರ ಎಚ್ಚರವಾಗಿದ್ದು, ನಮ್ಮನ್ನೇ ನೇರವಾಗಿ ದಿಟ್ಟಿಸುತ್ತಾಳೆ. ಆ ನೋಟದಲ್ಲಿ ನಾಚಿಕೆಯೂ ಇಲ್ಲ, ಅನುಮತಿಯ ಬೇಡಿಕೆಯೂ ಇಲ್ಲ.

ನನಗೆ ಇನ್ನೂ ಆಪ್ತವೆನಿಸುವುದು 1650ರ 'ಪಂಚೇಂದ್ರಿಯ' ಸರಣಿ. ಇಂದ್ರಿಯಗಳನ್ನು ಚೆಲುವೆಯರ ರೂಪದಲ್ಲಿ ತೋರಿಸುವುದು ಅಂದಿನ ರೂಢಿ. ಇವಳು ಐದು ಹುಡುಗರನ್ನು ಕೂರಿಸಿದಳು. ಒಬ್ಬ ಕನ್ನಡಕ ಹಿಡಿದಿದ್ದಾನೆ, ಒಬ್ಬ ಕೊಳಲೂದುತ್ತಾನೆ, ಒಬ್ಬ ರೊಟ್ಟಿ ತಿನ್ನುತ್ತಾನೆ. ಘ್ರಾಣಕ್ಕೆ ಸುಗಂಧದ ಹೂವಿಲ್ಲ: ಕೊಳೆತ ಮೊಟ್ಟೆ ಹಿಡಿದ ಹುಡುಗ ಮೂಗು ಮುಚ್ಚಿಕೊಂಡಿದ್ದಾನೆ. ಸ್ಪರ್ಶಕ್ಕೆ ರೇಷ್ಮೆಯಿಲ್ಲ: ಚಾಕು ತಗುಲಿ ರಕ್ತ ಬಂದ ಬೆರಳನ್ನು ಹುಡುಗ ನೋಡಿಕೊಳ್ಳುತ್ತಿದ್ದಾನೆ. ಮಕ್ಕಳನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ಹೊಳೆಯುವ ಸಂಗತಿಗಳಿವು. ಬಹುಕಾಲ ಸಾರ್ವಜನಿಕರ ಕಣ್ಣಿಗೆ ಬೀಳದಿದ್ದ ಈ ಐದೂ ಚಿತ್ರಗಳು 2022ರಲ್ಲಿ ಬಾಸ್ಟನ್‌ನ ಲಲಿತಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು.

ಸಂತ ಆನ್ ಮಗಳು ಮೇರಿಗೆ ಓದು ಕಲಿಸುವ 1656ರ ಚಿತ್ರದಲ್ಲಿ ಕಲ್ಪನೆಯೂ ತನ್ನದು, ಕೈಕೆಲಸವೂ ತನ್ನದು ಎಂದು ಅವಳು ಲ್ಯಾಟಿನ್‌ನಲ್ಲಿ ಸಹಿ ಹಾಕಿದ್ದಾಳೆ. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಕಲಾವಿದೆ ಇನ್ನೇನು ಹೇಳಬೇಕಿತ್ತು?

ವಾನ್ ಡೆರ್ ಸ್ಟಿಘೆಲೆನ್ ಛಲ ಬಿಡಲಿಲ್ಲ. ವೋಟಿಯೆಗೇ ಮೀಸಲಾದ ಮೊದಲ ದೊಡ್ಡ ಪ್ರದರ್ಶನ 2018ರಲ್ಲಿ ಆಂಟ್‌ವರ್ಪ್‌ನಲ್ಲಿ ನಡೆಯಿತು. ಉಗ್ರಾಣದ ಆ ಭೇಟಿಯಾಗಿ ಕಾಲು ಶತಮಾನ ಕಳೆದಿತ್ತು. ಚಿತ್ರವನ್ನು ಬಚ್ಚಿಟ್ಟುಕೊಂಡಿದ್ದ ವಿಯೆನ್ನಾದ ಮ್ಯೂಸಿಯಂ ಕೂಡ 2025ರಲ್ಲಿ ಅವಳಿಗಾಗಿಯೇ ಪ್ರದರ್ಶನ ತೆರೆಯಿತು.

ಅವಳವೆಂದು ಇಂದು ಗುರುತಿಸಲಾಗಿರುವ ಚಿತ್ರಗಳು ಕೆಲವೇ. ಉಳಿದವು ಯಾವ ಗಂಡಸಿನ ಹೆಸರಿನ ಫಲಕದ ಕೆಳಗೆ ತೂಗುತ್ತಿದ್ದರೂ ಅಚ್ಚರಿಯಿಲ್ಲ. ಯುರೋಪಿನ ಸಂಗ್ರಹಾಲಯಗಳು ತಮ್ಮ ಉಗ್ರಾಣಗಳ ಜೊತೆಗೆ ತಮ್ಮ ಹಳೆಯ ಪಟ್ಟಿಗಳನ್ನೂ ಮತ್ತೊಮ್ಮೆ ಓದಲಿ, ಈ ಸಲ ಬರೆದದ್ದನ್ನು ನಂಬಿ ಓದಲಿ.