ಪದವಿನ ಮೇಲಿನ ರನ್‌ವೇ

ನಮ್ಮ ಕಡೆ ಸಪಾಟು ನೆಲ ಇರುವುದು ಎರಡೇ ಕಡೆ. ಕೆಳಗೆ ಹೊಳೆಬದಿಯ ಬಯಲು, ಮೇಲೆ ಪದವು. ಬಯಲು ಗದ್ದೆಗೆ ಬೇಕು, ಮಳೆಗಾಲದಲ್ಲಿ ನೆರೆಯೂ ಅಲ್ಲಿಗೇ ಬರುತ್ತದೆ. ಪದವಿನಲ್ಲಿ ಮುರಕಲ್ಲು, ಮುಳಿಹುಲ್ಲು ಬಿಟ್ಟರೆ ಹೆಚ್ಚೇನೂ ಇಲ್ಲ. ಮಂಗಳೂರಿನ ವಿಮಾನ ನಿಲ್ದಾಣ ಬಜ್ಪೆಯ ಗುಡ್ಡದ ನೆತ್ತಿಯಲ್ಲಿ ಏಕಿದೆ ಎಂದು ಮಕ್ಕಳು ಕೇಳಿದಾಗ ನಾನು ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಆ ಆಸುಪಾಸಿನ ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತಿದ್ದವಳು ನಾನು. ನಮ್ಮ ಭೂಗೋಳದ ಪುಸ್ತಕ ಕಿಟಕಿಯಾಚೆಗೇ ಇತ್ತು.

1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದರು, ನಿಲ್ದಾಣ ಶುರುವಾಯಿತು. ಆ ಹಳೆಯ ರನ್‌ವೇ 1,615 ಮೀಟರ್. ಉದ್ದ ಮಾಡೋಣವೆಂದರೆ ಗುಡ್ಡವೇ ಮುಗಿದುಹೋಗುತ್ತದೆ. ಹಾಗಾಗಿ ದಿಕ್ಕು ಬದಲಿಸಿ 2,450 ಮೀಟರಿನ ಎರಡನೆಯ ರನ್‌ವೇ ಮಾಡಿದರು. ಅದು ಬಳಕೆಗೆ ಬಂದದ್ದು 2006ರಲ್ಲಿ. ಅದೇ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಹೊರಟಿತು.

ಆ ಒಂದು ವಿಮಾನ ನಮ್ಮ ಮನೆಗಳಿಗೆ ಏನಾಗಿತ್ತು ಎಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅದಕ್ಕೆ ಮೊದಲು ಗಲ್ಫಿಗೆ ಹೋಗುವವರು ಹೆಚ್ಚಾಗಿ ಬಸ್ಸಿನಲ್ಲಿ ಬೊಂಬಾಯಿಗೆ ಹೋಗಿ, ನೆಂಟರ ಕೋಣೆಯಲ್ಲಿ ಮಲಗಿ, ಅಲ್ಲಿಂದ ಹಾರಬೇಕಿತ್ತು. ಹಲಸಿನ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ತುಂಬಿದ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು, ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಯುತ್ತಿದ್ದೆವು. ನೇರ ವಿಮಾನ ಬಂದ ಮೇಲೆ ಸಾವಿಗೂ ಮದುವೆಗೂ ಮರುದಿನವೇ ಊರು ಮುಟ್ಟುವ ಹಾಗಾಯಿತು.

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಗುರುತು ಹತ್ತದ ದೇಹಗಳನ್ನು ಕೂಳೂರಿನಲ್ಲಿ ಫಲ್ಗುಣಿ ನದಿಯ ಬಳಿ ಮಣ್ಣು ಮಾಡಿದರು. ಈಗ ಅಲ್ಲೊಂದು ಸ್ಮಾರಕವಿದೆ.

ಅಂದಿನಿಂದ, ಇಂಥ ಗುಡ್ಡದ ನೆತ್ತಿಯ ರನ್‌ವೇಗೆ ಹೇಳುವ ‘ಟೇಬಲ್ ಟಾಪ್’ ಎಂಬ ಮಾತು ಎಲ್ಲರ ಬಾಯಲ್ಲಿದೆ, ಗುಡ್ಡವೇ ಜನರನ್ನು ಕೊಂದಿತು ಎಂಬಂತೆ. ಅದನ್ನು ನಾನು ಒಪ್ಪುವುದಿಲ್ಲ. ತನಿಖಾ ವರದಿ ಹೇಳಿದ್ದು ಬೇರೆ. ವಿಮಾನ ಬರುವಾಗಲೇ ಇರಬೇಕಾದುದಕ್ಕಿಂತ ಮೇಲಿತ್ತು, ವೇಗ ಹೆಚ್ಚಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿದರು. ಚಕ್ರ ನೆಲ ಮುಟ್ಟಿದಾಗ 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಹಿಂದೆ ಹೋಗಿತ್ತು. ಆಗಲೂ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದಿದ್ದರೆ ನಿಲ್ಲಬಹುದಿತ್ತು. ಆದರೆ ಬ್ರೇಕ್ ಹಾಕಿದ ಮೇಲೆ ಮತ್ತೆ ಏರಲು ಹೊರಟರು.

ಗುಡ್ಡದ ಪಾತ್ರ ಇಲ್ಲವೆಂದಲ್ಲ. ಬಯಲಿನ ನಿಲ್ದಾಣದಲ್ಲಿ ತಪ್ಪಿದ ವಿಮಾನಕ್ಕೆ ಹೊಲವಾದರೂ ಸಿಗುತ್ತದೆ. ಇಲ್ಲಿ ರನ್‌ವೇಯ ಕೊನೆಯಲ್ಲಿದ್ದ ಸುರಕ್ಷಾ ಪಟ್ಟಿ 90 ಮೀಟರ್. ಅಂತರರಾಷ್ಟ್ರೀಯ ಶಿಫಾರಸು 240. ಅದರಾಚೆ ಕಾಂಕ್ರೀಟ್ ಕಟ್ಟೆಯ ಮೇಲೆ ದಾರಿ ತೋರುವ ಆಂಟೆನಾ ನಿಂತಿತ್ತು. ಅದಕ್ಕೆ ರೆಕ್ಕೆ ತಾಗಿತು. ಇಂಥ ಜಾಗದಲ್ಲಿ ಶಿಸ್ತು ಪೈಲಟ್‌ಗೆ ಮಾತ್ರವಲ್ಲ, ಕಟ್ಟುವವರಿಗೂ ಬೇಕು.

ಮೊನ್ನೆಯ ಮಳೆಗಾಲದಲ್ಲಿ ತಂಗಿಯ ಮಗ ರಾತ್ರಿ ಫೋನ್ ಮಾಡಿದ. ವಿಮಾನ ಬಜ್ಪೆಯ ತನಕ ಬಂದು, ಮೋಡ ಕವಿದದ್ದರಿಂದ ಇಳಿಯದೆ ಬೆಂಗಳೂರಿಗೆ ಹೋಗಿತ್ತು. “ಊರು ಕಾಣ್ತಾ ಇತ್ತು ದೊಡ್ಡಮ್ಮಾ, ಒಂದು ಸಲ ಇಳಿಸಿದ್ರೆ ಆಗ್ತಿತ್ತಪ್ಪ,” ಎಂದು ರೇಗಿದ. “ಮಗಾ, ಆ ಪೈಲಟ್ ಎದುರು ಸಿಕ್ಕಿದ್ರೆ ನನ್ನ ನಮಸ್ಕಾರ ಹೇಳು,” ಎಂದೆ. “ನಾಳೆ ಮಧ್ಯಾಹ್ನಕ್ಕೆ ಗಂಜಿ ಇಟ್ಟಿರ್ತೇನೆ, ನಿಧಾನ ಬಾ.”